ಹೊರಗಿನಿಂದ ಬರೆದ ಹೆಸರು

ಗಿಲಾಂಗ್ ತನ್ನ ಸಾಫ್ಟ್‌ವೇರಿನ ಪಾಸ್‌ವರ್ಡ್ ಬದಲಿಸಿದ್ದ. ಅಷ್ಟಕ್ಕೇ ವೆನಿಂಗ್ ಹೊರಗುಳಿದಳು ಎಂದುಕೊಂಡಿದ್ದ, ಪುಣ್ಯಾತ್ಮ!

ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಅವಳು ಕೆಲಸ ಮಾಡುತ್ತಿದ್ದ ಪುಟ್ಟ ಕಂಪನಿಯ ಸರ್ವರ್‌ಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಬಾಟಿಕ್ ಬಟ್ಟೆಯ ವಿನ್ಯಾಸ ತೋರಿಸುವ ಅವನ ಸಾಫ್ಟ್‌ವೇರ್ ಓಡುತ್ತಿದ್ದದ್ದು ಅಂಥದೇ ಒಂದು ಸರ್ವರ್‌ನೊಳಗಿನ ಕಂಟೇನರ್ ಎಂಬ ಪ್ರತ್ಯೇಕ ಖಾನೆಯಲ್ಲಿ. ಒಳಗಿದ್ದವನಿಗೆ ಅದು ಬೀಗ ಜಡಿದ ಸ್ವಂತ ಮನೆ. ಹೊರಗೆ ಸರ್ವರನ್ನೇ ನಡೆಸುವ ಲಿನಕ್ಸ್‌ನಲ್ಲಿ ಕೂತ ಅವಳಿಗೆ ಬರೀ ಒಂದು ಫೋಲ್ಡರ್. ತೆರೆಯಲು ಯಾವ ಪಾಸ್‌ವರ್ಡೂ ಬೇಡ.

ಅವನು ಕಂಪನಿಯ ಗ್ರಾಹಕ; ಗ್ರಾಹಕರ ಫೈಲ್ ಮುಟ್ಟಿದರೆ ಕೆಲಸ ಹೋಗುತ್ತದೆ. ಹೋಗಲಿ!

ಆ ಸಾಫ್ಟ್‌ವೇರಿನಲ್ಲಿನ ಬಾಟಿಕ್ ವಿನ್ಯಾಸಗಳೆಲ್ಲ ಅವಳವು. ಪ್ರೀತಿಯ ದಿನಗಳಲ್ಲಿ ಗಿಲಾಂಗ್ ಅವನ್ನು "ನಮ್ಮದು" ಎನ್ನುತ್ತಿದ್ದ. ಬಾಟಿಕ್ ಸಂಘದವರು ಕೊಳ್ಳುತ್ತೇವೆ ಎಂದ ಕೂಡಲೇ "ನನ್ನದು" ಎಂದುಬಿಟ್ಟ. ಕೇಳಿದ್ದಕ್ಕೆ, ಒಂದು ಹೆಸರಿಗೆ ಇಷ್ಟು ರಂಪವೇ ಎಂದು ನಕ್ಕಿದ್ದ. ಆ ನಗು ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

ಇವತ್ತು ಕೆಳಗಿನ ಹಾಲ್‌ನಲ್ಲಿ ಸಂಘದವರೆದುರು ಅವನ ಪ್ರದರ್ಶನ. ಮೊದಲ ಪರದೆಯಲ್ಲೇ ಅವನ ಹೆಸರು ಬರುತ್ತಿತ್ತು. ವೆನಿಂಗ್ ಆ ಪರದೆಯ ಫೋಲ್ಡರನ್ನೇ ಕಿತ್ತೆಸೆದು, ತನ್ನ ಹೆಸರು ಬರೆದ ಹೊಸ ಫೋಲ್ಡರ್ ಇಟ್ಟಳು. ಎಲ್ಲರೆದುರು ಅವನ ಮುಖ ಹರಳೆಣ್ಣೆ ಕುಡಿದ ಹಾಗಾಗಬೇಕು!

ಆದರೆ ಪ್ರದರ್ಶನಕ್ಕೆ ಮೊದಲೇ ಅವನು ಮೆಟ್ಟಿಲೇರಿ ಬಂದ. ಹೆಲ್ಮೆಟ್ಟಿನಿಂದ ಕೂದಲು ಚದುರಿತ್ತು. ಎಡಗೆನ್ನೆಯ ಗುಳಿಯ ಮೇಲೆ ಬೆವರು. ಅದನ್ನು ನೋಡಿದ್ದಕ್ಕೆ ವೆನಿಂಗ್‌ಗೆ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು.

"ಏನ್ ಮಾಸ್, ದಾರಿ ತಪ್ಪಿ ಬಂದ್ಯಾ?" ಗಂಡಸರನ್ನು ಮರ್ಯಾದೆಯಿಂದ ಕರೆಯುವ "ಮಾಸ್" ಅವಳ ಬಾಯಲ್ಲಿ ಕೊಂಕಾಗಿತ್ತು.

"ಫೋಲ್ಡರ್ ಬದಲಾಯಿಸಿದ್ದು ನೀನೇ."

"ಪಾಸ್‌ವರ್ಡ್ ಇರೋದು ನಿನ್ನ ಹತ್ರ. ನನ್ನನ್ಯಾಕೆ ಕೇಳ್ತೀಯ?"

"ಅದನ್ನ ಓದೋಕಾಗುತ್ತೆ, ತಿದ್ದೋಕಾಗ್ತಿಲ್ಲ. ಕಂಟೇನರಿನ ಒಳಗೆ ನಾನೇ ರಾಜ, ಆದ್ರೂ ಆಗ್ತಿಲ್ಲ. ಹೊರಗಿನವರು ತಂದಿಟ್ರೆ ಮಾತ್ರ ಹೀಗಾಗೋದು. ಫೋಲ್ಡರಿನ ಒಡೆತನ ನನ್ನ ಹೆಸರಿಗೆ ಬದಲಿಸೋದನ್ನ ಮರ್ತಿದೀಯ. ಇದನ್ನ ನನಗೆ ಕಲಿಸಿದವಳೇ ನೀನು, ವೆನಿಂಗ್."

ಅವಳು ಹೊಸಬರಿಗೆಲ್ಲ ಮರೆಯಬೇಡಿ ಎಂದು ಹೇಳಿಕೊಡುತ್ತಿದ್ದ ಕೆಲಸವದು. ಸಿಟ್ಟಿನ ಭರದಲ್ಲಿ ತಾನೇ ಮರೆತಿದ್ದಳು.

"ಹೋಗು, ಬಾಸ್ ಪಾಕ್ ಸುರೋತೋಗೆ ಹೇಳು. ಕೆಲಸದಿಂದ ಕಿತ್ತು ಹಾಕ್ತಾರೆ. ಆದ್ರೆ ತಲೆ ಹೋದ್ರೂ ನಾನದನ್ನ ತಿದ್ದಲ್ಲ."

"ಅಷ್ಟು ಕೋಪಾನಾ?"

"ಕೋಪ ಅಲ್ಲ, ಸೇಡು. ನಿನ್ನನ್ನ ಪ್ರೀತಿಸಿದ್ದಕ್ಕೆ ಇಷ್ಟು ದಿನ ನಾನು ನಾಚ್ಕೊಂಡೆ. ಇವತ್ತು ನೀನು ನಾಚ್ಕೋ."

ಗಿಲಾಂಗ್ ಮೆಟ್ಟಿಲಿಳಿದು ಹೋದ. ದಾರಿಯಲ್ಲೇ ಪಾಕ್ ಸುರೋತೋ ಅವರ ಕೋಣೆ. ವೆನಿಂಗ್ ಕಿವಿಗೊಟ್ಟು ನಿಂತಳು. ಆ ಬಾಗಿಲು ತೆರೆದ ಸದ್ದು ಬರಲಿಲ್ಲ.

ಅವನ ಮಾನ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಅವಳೂ ಹಾಲ್‌ಗೆ ಹೋಗಿ ಹಿಂದೆ ನಿಂತಳು. ಪರದೆಯ ತುಂಬ ಅವಳ ಹೆಸರು ಬಂತು.

"ಯಾರಪ್ಪಾ ಈ ವೆನಿಂಗ್?" ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು.

ಕಂಪ್ಯೂಟರ್ ತಪ್ಪು ಎಂದಿದ್ದರೆ ಅವರೆಲ್ಲ ನಂಬುತ್ತಿದ್ದರು. ಗಿಲಾಂಗ್ ಪರದೆಯತ್ತ ಕೈ ತೋರಿದ.

"ಇದರಲ್ಲಿನ ಒಂದೊಂದು ಬಳ್ಳೀನೂ ಅವಳು ಬರೆದಿದ್ದು, ಅಮ್ಮಾ. ನಂದು ಅಂತ ನಿಮಗೆ ಸುಳ್ಳು ಹೇಳ್ದೆ. ಪ್ರೀತಿಸಿದವಳ ಕೆಲಸಾನೇ ಕದ್ದೆ."

"ಮುಖ ನೋಡಿದ್ರೆ ಕಳ್ಳನ ಹಾಗೆ ಕಾಣಲ್ಲ. ಮೋಸ ಇರೋದೇ ಅಲ್ಲಿ!" ಎಂದರು ಅಜ್ಜಿ. ಹಾಲ್ ಗೊಳ್ಳೆಂದಿತು.

ಅವನ ಕಿವಿ ಕೆಂಪಾದದ್ದನ್ನು ವೆನಿಂಗ್ ಕಣ್ತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು. ಆಮೇಲೆ, ಹಾಳಾದ್ದು, ಅವನನ್ನು ಕಂಡು ಪಾಪ ಎನಿಸಲೂ ಶುರುವಾಯಿತು. ಅವನ ಮೇಲೆ ಪ್ರೀತಿ ಇನ್ನೂ ಇತ್ತು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಬಳಿ ಅವನನ್ನು ತಡೆದಳು. "ಒಂದೇ ಸಾಲಿನ ಕೆಲಸ. ಒಡೆತನ ನಿನಗೆ ಕೊಡ್ತೀನಿ. ಬೇಕಾದ್ದು ತಿದ್ಕೋ."

"ಬೇಡ."

"ಯಾಕೆ?"

"ನನ್ನ ಬುದ್ಧಿ ಮೇಲೆ ನನಗೇ ನಂಬಿಕೆ ಇಲ್ಲ. ನಿನ್ನ ಹೆಸರು ನನ್ನ ಕೈಲಿ ಅಳಿಸೋಕಾಗದ ಹಾಗೇ ಇರ್ಲಿ."

ಅವನನ್ನು ತಡೆದಿದ್ದ ಕೈಯನ್ನು ವೆನಿಂಗ್ ಕೆಳಗಿಳಿಸಿದಳು.

"ಕ್ಷಮಿಸಿದೆ ಅಂತ ತಿಳ್ಕೋಬೇಡ. ಸೇಡು ಇನ್ನೂ ಬೇಕಾದಷ್ಟಿದೆ."

"ತೀರಿಸ್ಕೋ. ದಿನಾ ಸ್ವಲ್ಪ ಸ್ವಲ್ಪ."

"ಹಾಗಾದ್ರೆ ದಿನಾ ನೀನೇ ಬರ್ಬೇಕು," ಎಂದಳು ವೆನಿಂಗ್.