ಕರಿ ಸಾಕ್ಸ್ ತೊಟ್ಟ ಬಾಟಲಿ

"ಅಕ್ಕಾ, ಕವಿತಕ್ಕ ಬಂದಾಳ! ಎಲ್ಲಾರ ಮನಿ ನೀರು ಚೆಲ್ಲಾಕತ್ತಾಳ!" ಎಂದು ಕೂಗುತ್ತ ತಮ್ಮ ಹಣಮೇಶ ಓಡಿ ಬಂದ.

ಐದನೇ ಕ್ಲಾಸಿನ ಬಸವೇಶ್ವರಿ ತಟ್ಟನೆ ಕಿಟಕಿಯ ಕಡೆ ನೋಡಿದಳು.

ಕವಿತಕ್ಕ ರಂಗಂಪೇಟೆಯ ಆಶಾ ಕಾರ್ಯಕರ್ತೆ. ಡೆಂಗಿ ಸೊಳ್ಳೆಯ ಮರಿ ಹುಡುಕುತ್ತ ಮನೆಮನೆಗೆ ಬರುತ್ತಾಳೆ. ನಿಂತ ನೀರು ಕಂಡರೆ ಮುಗಿಯಿತು, ಯಾರ ಮಾತನ್ನೂ ಕೇಳುವವಳಲ್ಲ.

ಬಸವೇಶ್ವರಿಯ ಕಿಟಕಿಯಲ್ಲಿ ನಿಂತ ನೀರಿತ್ತು. ಒಂದು ಬಾಟಲಿ ನೀರು, ಅದರಲ್ಲಿ ಬಿಳಿ ದಾಸವಾಳದ ಒಂದು ಕಡ್ಡಿ.

ಆ ಕಡ್ಡಿ ಪಕ್ಕದ ಮನೆಯ ಚಮನಬೀ ಅಜ್ಜಿಯ ಗಿಡದ್ದು. ಎರಡೂ ಅಂಗಳಗಳ ನಡುವೆ ಒಂದೇ ಗೋಡೆ. ದಿನಾ ಬೆಳಿಗ್ಗೆ ಚಮನಬೀ ಆಚೆಯಿಂದ ಹೂ ಕಿತ್ತು ಕೊಡುತ್ತಿದ್ದಳು. ಬಸವೇಶ್ವರಿಯ ಅಜ್ಜಿ ಭೀಮಾಬಾಯಿ ಈಚೆಯಿಂದ ಸೆರಗು ಒಡ್ಡಿ ತೆಗೆದುಕೊಂಡು ಲಿಂಗಪೂಜೆಗೆ ಏರಿಸುತ್ತಿದ್ದಳು. ಹೋದ ತಿಂಗಳು ಹೊಸ ನಲ್ಲಿಯ ಪೈಪ್ ಹಾಕಲು ಚಮನಬೀಯ ಅಂಗಳ ಅಗೆದರು, ಗಿಡ ಬೇರುಸಮೇತ ಬಿತ್ತು.

ಅಜ್ಜಿ ಮಂಕಾಗಿಬಿಟ್ಟಳು. ಪೂಜೆಗೆ ಬಜಾರದಿಂದ ಚೆಂಡು ಹೂ ಬರುತ್ತಿತ್ತು, ಆದರೂ ಮಂಕು.

"ಅಜ್ಜಿ, ನಿನಗ ಹೂ ನಾ ಕೊಡ್ತೀನಿ," ಎಂದು ಬಸವೇಶ್ವರಿ ಮಾತು ಕೊಟ್ಟಿದ್ದಳು. ಮಣ್ಣಿಲ್ಲದೆ ನೀರಿನಲ್ಲೇ ಬೇರು ಬರಿಸುವುದನ್ನು ಸಾವಿತ್ರಿಬಾಯಿ ಟೀಚರ್ ಕ್ಲಾಸಿನಲ್ಲಿ ತೋರಿಸಿದ್ದರು. ಹೈಡ್ರೋಪೋನಿಕ್ಸ್ ಅಂತ ದೊಡ್ಡ ಹೆಸರು ಬೇರೆ! ಬಿದ್ದ ಗಿಡದಿಂದ ಐದು ಕಡ್ಡಿ ಮುರಿದು ತಂದು ನೀರಿಗೆ ಹಾಕಿದಳು. ನಾಲ್ಕು ಕೊಳೆತುಹೋದವು. ಉಳಿದದ್ದು ಇದೊಂದೇ.

ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಓಣಿಯ ಹುಡುಗಿ ಅವಳು. ಇದ್ದ ನೀರು ಚೆಲ್ಲಿ ಹೊಸ ನೀರು ಹಾಕಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಕಡಿಮೆಯಾದಷ್ಟು ಮೇಲಿಂದ ಹಾಕುತ್ತ ಬಂದಿದ್ದಳು. ಹೋದ ವಾರ ಕವಿತಕ್ಕ ಬಂದಾಗ ಬಾಟಲಿಗೆ ತನ್ನ ಶಾಲೆಯ ಕರಿ ಸಾಕ್ಸ್ ತೊಡಿಸಿ ಮೂಲೆಗೆ ಸರಿಸಿದ್ದಳು. ಆಮೇಲೆ ಹೆದರಿ ಅದನ್ನು ಬಿಚ್ಚಿಯೇ ಇರಲಿಲ್ಲ.

ಇವತ್ತು ಕವಿತಕ್ಕ ಬ್ಯಾರೆಲ್ ನೋಡಿದಳು, ಕೊಡ ನೋಡಿದಳು, ಕಿಟಕಿಯ ಹತ್ತಿರ ನಿಂತುಬಿಟ್ಟಳು.

"ಎಲಾ ಇದರ! ಸಾಕ್ಸಿನಾಗ ಗಿಡ ಬೆಳದದಲ್ಲ!"

ಬಾಟಲಿ ಎತ್ತಿ ಸಾಕ್ಸ್ ಇಳಿಸಿ ಟಾರ್ಚ್ ಬಿಟ್ಟಳು. "ನೋಡಿಲ್ಲಿ, ಸೊಳ್ಳಿ ಮರಿ ಹೆಂಗ ಡ್ಯಾನ್ಸ್ ಮಾಡಾಕತ್ತಾವ!"

ಅವಳು ಬಾಟಲಿ ಹಿಡಿದು ಅಂಗಳಕ್ಕೆ ಇಳಿದಳು. ಬಸವೇಶ್ವರಿ ಓಡಿಹೋಗಿ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಅಕ್ಕಾ! ನೀರು ಹೋದ್ರ ಕಡ್ಡಿ ಸಾಯ್ತದ. ಒಂದೇ ಉಳದದರಿ!" ಅವಳಿಗೆ ಅಳು ಬಂದೇಬಿಟ್ಟಿತು.

"ಅಯ್ಯ ಹುಚ್ಚಿ, ನಿನ್ನ ಕಡ್ಡಿ ಯಾರಿಗೆ ಬೇಕಾಗ್ಯದ? ನೀರಷ್ಟ ಚೆಲ್ತೀನಿ. ಇಷ್ಟು ಹಳೇ ನೀರು ನಿನಗ ಕೊಟ್ರ ನೀ ಕುಡೀತಿ ಏನು?"

ಕವಿತಕ್ಕ ಕಡ್ಡಿಯನ್ನು ಹೊರಗೆಳೆದು ಅವಳ ಕೈಗಿಟ್ಟು, ನೀರನ್ನು ಬಿಸಿಲಿನ ಒಣ ನೆಲಕ್ಕೆ ಸುರಿದಳು.

ಬಸವೇಶ್ವರಿ ಕಣ್ಣೊರೆಸಿಕೊಂಡು ನೋಡಿದಳು. ಕಡ್ಡಿಯ ಬುಡದಲ್ಲಿ ಶಾವಿಗೆಯಂಥ ನಾಲ್ಕು ಬೇರು!

"ಅಜ್ಜೀ! ಬೇರು ಬಂದಾವ!"

"ಬೇರಿಗೆ ಕತ್ತಲಿ ಬೇಕು. ನಿನ್ನ ಸಾಕ್ಸ್ ಚೊಲೋ ಕೆಲಸ ಮಾಡ್ಯದ," ಎಂದಳು ಕವಿತಕ್ಕ. "ಎರಡು ದಿನಕ್ಕೊಮ್ಮೆ ನೀರು ಬದಲಿ ಮಾಡು, ಬಾಟಲಿ ಬಾಯಿಗೆ ಬಟ್ಟಿ ಕಟ್ಟು. ಮುಂದಿನ ವಾರ ಬಂದು ನೋಡ್ತೀನಿ ಮತ್ತ!"

ಗದ್ದಲ ಕೇಳಿ ಗೋಡೆಯ ಆಚೆ ಚಮನಬೀ ತಲೆ ಎತ್ತಿದಳು. "ಏನಾತ ಭೀಮಾಬಾಯಿ?"

ಮೊಣಕಾಲು ನೋವಿನ ಅಜ್ಜಿ ಸರಸರ ಗೋಡೆಯ ಹತ್ತಿರ ಹೋದಳು! "ನಿನ್ನ ಗಿಡ ಮತ್ತ ಹುಟ್ಟ್ಯದ ನೋಡವ್ವ ಚಮನಬೀ!"

ಅಲ್ಲಿಂದ ಶುರುವಾದ ಮಾತು ಮೊಣಕಾಲಿಗೆ ಬಂತು, ಉಪ್ಪಿನಕಾಯಿಗೆ ಹೋಯಿತು, ಯಾದಗಿರಿಯಲ್ಲಿರುವ ಚಮನಬೀಯ ಮಗಳ ತನಕ ಮುಟ್ಟಿತು. ಅಜ್ಜಿ ಇಷ್ಟು ನಕ್ಕು ತಿಂಗಳೇ ಆಗಿತ್ತು. ಬಸವೇಶ್ವರಿ ಖಾಲಿ ಬಾಟಲಿ ಹಿಡಿದುಕೊಂಡು ಅಜ್ಜಿಯನ್ನೇ ನೋಡುತ್ತ ನಿಂತಳು.

ಎರಡು ವಾರದಲ್ಲಿ ಬೇರು ಬೆರಳುದ್ದವಾಯಿತು. ಅಜ್ಜಿ ತಮ್ಮ ಅಂಗಳದಲ್ಲೇ ಗುಂಡಿ ತೋಡಿ ಕಾಯುತ್ತಿದ್ದಳು.

"ಬಾ ಬಸ್ಸಿ, ಇಲ್ಲೇ ಹಚ್ಚು. ನನ್ನ ಕೈಗೇ ಸಿಗ್ತದ. ಯಾರನ್ನೂ ಕೇಳೋದು ಬ್ಯಾಡ."

ಬಸವೇಶ್ವರಿ ಗುಂಡಿ ನೋಡಿದಳು, ಗೋಡೆ ನೋಡಿದಳು. ಆಮೇಲೆ ಬಾಟಲಿ ಎತ್ತಿಕೊಂಡು ಗೇಟು ದಾಟಿದಳು.

"ಏ, ಎಲ್ಲಿಗೆ ಹೊಂಟಿ? ಹೂ ನನಗ ಕೊಡ್ತೀನಿ ಅಂದಿದ್ದಿ ಅಲ್ಲ?"

"ಹೂ ನಿನಗೇ ಅಜ್ಜಿ. ಗಿಡ ಆ ಕಡಿ ಇರಲಿ."

ಅವಳು ಚಮನಬೀಯ ಅಂಗಳದಲ್ಲಿ ಮಣ್ಣು ಸರಿಸುತ್ತಿದ್ದಾಗಲೇ ಗೋಡೆಯ ಮೇಲೆ ಅಜ್ಜಿಯ ಮುಖ ಕಂಡಿತು. "ಚಮನಬೀ, ಪೈಪಿನಿಂದ ಒಂದು ಮೊಳ ದೂರ ಹಚ್ಚಸು!"

"ನನ್ನ ಅಂಗಳ ನನಗ ಗೊತ್ತಿಲ್ಲೇನು?" ಎಂದು ಚಮನಬೀ ಜಗಳಕ್ಕೆ ನಿಂತಳು.

ಮರುದಿನ ಬೆಳಿಗ್ಗೆ ಬಸವೇಶ್ವರಿ ಹಲ್ಲುಜ್ಜುತ್ತ ಹೊರಗೆ ಬಂದಳು. ಗಿಡಕ್ಕೆ ಇನ್ನೂ ಮೂರೇ ಎಲೆ, ಹೂ ಬಿಡಲು ಎಷ್ಟೋ ತಿಂಗಳು ಬೇಕು. ಅಜ್ಜಿ ಆಗಲೇ ಗೋಡೆಯ ಹತ್ತಿರ ನಿಂತಿದ್ದಳು. ಆಚೆಯಿಂದ ಚಮನಬೀ ನಗುವುದು ಕೇಳುತ್ತಿತ್ತು.