ಹೇಮಶ್ರೀ ಹೆಸರಿನ ಹೆಲ್ಪ್

ಹೇಮಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಶಿವಮೊಗ್ಗದ ನೆಹರು ರಸ್ತೆಯ ಮಹಡಿ ಮೇಲಿನ ಆ ಕಂಪ್ಯೂಟರ್ ಸೆಂಟರಿನಲ್ಲಿ ಹನ್ನೆರಡು ಮಂದಿ ಕಿಸಿಕಿಸಿ ನಗುತ್ತಿದ್ದರು. "ನೋಡೇ ಮಾರಾಯ್ತಿ, ನಿನ್ನ ಹೆಸರು ಹೊಡೆದ್ರೂ ಹೆಲ್ಪ್ ಬರುತ್ತೆ!" ಎಂದು ಗೆಳತಿ ಲಿಖಿತಾ ಪರದೆ ತೋರಿಸಿದಳು.

ಅವರು ಕಲಿಯುತ್ತಿದ್ದ, ಪ್ರೋಗ್ರಾಂ ಬರೆಯಲು ಬಳಸುವ 'ವಿಮ್' ಎಂಬ ಎಡಿಟರಿನಲ್ಲಿ 'ಹೆಲ್ಪ್' ಎಂದು ಹೊಡೆದು ಮುಂದೆ ಯಾವ ಕಮಾಂಡಿನ ಹೆಸರು ಕೊಟ್ಟರೂ ಅದರ ವಿವರ ತೆರೆದುಕೊಳ್ಳುತ್ತದೆ; ಬೇಕಾದರೆ ನಾವೇ ಬರೆದದ್ದನ್ನೂ ಅದಕ್ಕೆ ಸೇರಿಸಬಹುದು. ಅವಳ ಹೆಸರು ಕೊಟ್ಟರೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಇದು:

"ಹೇಮಶ್ರೀ: ಭದ್ರಾವತಿಯಿಂದ ಎಂಟೂವರೆ ಬಸ್ಸಿಗೆ ಬರುತ್ತಾಳೆ. ಸಿಟ್ಟು ಬಂದರೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ. ದಿನಕ್ಕೆ ಹತ್ತು ಸಲ ಸುತ್ತುತ್ತಾಳೆ. ಕಿಟಕಿ ಪಕ್ಕದ ಮಷೀನು ಅವಳದು, ಬೇರೆಯವರನ್ನು ಕೂರಿಸಬಾರದು."

ಬೆರಳಿಗೆ ಸುತ್ತಿದ್ದ ದುಪಟ್ಟಾವನ್ನು ಹೇಮಶ್ರೀ ಥಟ್ಟನೆ ಬಿಟ್ಟಳು.

ಇದು ಲ್ಯಾಬ್ ನೋಡಿಕೊಳ್ಳುವ ಪರಮೇಶನದೇ ಕೆಲಸ. ಮೂರು ತಿಂಗಳಿಂದ ಅವಳು ಏನು ಕೇಳಿದರೂ ಅವನದು ಒಂದೇ ಉತ್ತರ, "ಹೆಲ್ಪ್ ನೋಡಿ." ಮೊದಲ ದಿನ ಎಡಿಟರಿನಿಂದ ಹೊರಗೆ ಬರಲಾಗದೆ ಒದ್ದಾಡುತ್ತಿದ್ದಾಗಲೂ ತಲೆ ಎತ್ತದೆ ಅದನ್ನೇ ಹೇಳಿದ್ದ. ಉಳಿದವರಿಗೆಲ್ಲ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ, ದರಿದ್ರದವನು! ಅವನು ರಜೆ ಹಾಕಿದ ದಿನ ಅವಳಿಗೆ ಯಾಕೋ ಬೇಸರವಾಗುತ್ತಿತ್ತಲ್ಲ, ಅದಕ್ಕೇ ಈಗ ಇನ್ನಷ್ಟು ಸಿಟ್ಟು.

ಟೀ ಕುಡಿದು ಬಂದವನನ್ನು ಬಾಗಿಲಲ್ಲೇ ತಡೆದಳು.

"ಏನ್ರೀ ಇದು? ನನ್ನನ್ನ ಏನಂತ ತಿಳ್ಕೊಂಡಿದ್ದೀರಿ? ಇಡೀ ಕ್ಲಾಸು ನನ್ನನ್ನ ಓದಿ ನಗ್ತಿದೆ. ನಾಳೆಯಿಂದ ನಾನು ಇಲ್ಲಿಗೆ ಕಾಲಿಡಲ್ಲ!"

ಪರಮೇಶನ ಮುಖ ಬಿಳುಚಿಕೊಂಡಿತು. "ಅದು... ನನ್ನ ಅಕೌಂಟಲ್ಲಿ ಮಾತ್ರ ಇರಬೇಕಿತ್ತು. ನಿನ್ನೆ ಅಡ್ಮಿನ್ ಲಾಗಿನ್ನಲ್ಲಿದ್ದೆ, ಗಮನಿಸ್ಲಿಲ್ಲ. ಎಲ್ಲರ ಹೆಲ್ಪಿಗೂ ಸೇರ್ಕೊಂಡುಬಿಟ್ಟಿದೆ."

"ಓಹೋ! ಕದ್ದು ಬರೆದಿದ್ದು ತಪ್ಪಲ್ಲ, ಸಿಕ್ಕಿಬಿದ್ದಿದ್ದು ತಪ್ಪು. ಅಳಿಸಿ. ಎಲ್ಲರೆದುರಿಗೇ ಅಳಿಸಿ."

ಅಳಿಸಿದ. ಲಿಖಿತಾ ಮತ್ತೆ ಹೆಸರು ಹೊಡೆದು ನೋಡಿದಳು. ಸಾರಿ, ಈ ಹೆಸರಿಗೆ ಹೆಲ್ಪ್ ಇಲ್ಲ ಎಂದಿತು ಕಂಪ್ಯೂಟರು. ಈ ಸಲ ಯಾರೂ ನಗಲಿಲ್ಲ.

ಹೇಮಶ್ರೀ ಬ್ಯಾಗು ಹೆಗಲಿಗೇರಿಸಿ ದಡದಡ ಮೆಟ್ಟಿಲಿಳಿದಳು. ಹಿಂದೆಯೇ ಅವನು ಓಡಿಬಂದ.

"ಒಂದ್ನಿಮಿಷ. ಯಾಕೆ ಬರೆದೆ ಅಂತ ಕೇಳಿ."

"ಯಾಕೆ, ಅದಕ್ಕೂ ಹೆಲ್ಪ್ ನೋಡ್ಲಾ?"

"ಬೇಡ. ನಿಮ್ಮ ಪಕ್ಕ ಕೂತ್ರೆ ನಂಗೆ ಬಂದಿದ್ದೆಲ್ಲ ಮರ್ತುಹೋಗುತ್ತೆ. ಅದಕ್ಕೇ ಹೆಲ್ಪ್ ನೋಡಿ ಅಂತಿದ್ದೆ. ನೀವಂದ್ರೆ ನಂಗಿಷ್ಟ ಹೇಮಶ್ರೀ. ಬೈದಾದ್ರೂ ಬನ್ನಿ, ಬರೋದು ಮಾತ್ರ ಬಿಡಬೇಡಿ."

ಅವಳ ಕಣ್ಣು ತುಂಬಿತು. ಅದಕ್ಕೂ ಸಿಟ್ಟೇ ಬಂತು.

"ಮೂರು ತಿಂಗಳು! ಇಷ್ಟು ಬಾಯಿಬಿಡೋಕೆ ಮೂರು ತಿಂಗಳು ಬೇಕಾಯ್ತಾ ನಿಮಗೆ?"

ಅವನನ್ನು ದಾಟಿಕೊಂಡು ಮೇಲೆ ಹತ್ತಿದಳು. ಕಿಟಕಿ ಪಕ್ಕದ ಮಷೀನಿನ ಮುಂದೆ ಕೂತಳು.

"ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಈ ಎಡಿಟರಿಂದ ಹೊರಗೆ ಬರೋದು ಹೇಗೆ? ಬಾಯಲ್ಲೇ ಹೇಳಿ."

"ಅದು ಇನ್ನೂ ಬರಲ್ವಾ ನಿಮಗೆ?"

"ಬರುತ್ತೆ. ಮೊದಲ್ನೇ ದಿನಾನೇ ಹೆಲ್ಪ್ ನೋಡಿ ಕಲ್ತೆ," ಎಂದಳು ದುಪಟ್ಟಾ ಬೆರಳಿಗೆ ಸುತ್ತುತ್ತಾ. "ಆದ್ರೂ ಕೇಳ್ತಿದ್ದೀನಿ. ಹೇಳಿ."

ಪರಮೇಶ ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ನಿಜಕ್ಕೂ ಮರೆತುಹೋಗಿತ್ತು.