ಕಲ್ಲುಸಕ್ಕರೆ ಕರಗುವ ತನಕ

"ಕಡಿಬ್ಯಾಡ್ರಿ... ನುಂಗಬ್ಯಾಡ್ರಿ! ನಾಲಿಗಿ ಮ್ಯಾಲ ಹಂಗೇ ಇಟ್ಗೊಳ್ರಿ."

ಅಫಜಲಪುರ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದ ಶೈಲಶ್ರೀಯ ಅಂಗೈಯಲ್ಲಿ ಆ ಅಪರಿಚಿತ ಒಂದು ಕಲ್ಲುಸಕ್ಕರೆ ಹರಳು ಇಟ್ಟಿದ್ದ.

ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆರಳುಗಳು ಜುಮ್ಮೆನ್ನುತ್ತಿದ್ದವು. ತನ್ನೂರು ಅತನೂರಿನಿಂದ ಬಂದ ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿತ್ತು, ಅಷ್ಟೇ. ಆದರೆ ಅವಳ ಮನಸ್ಸು ಅಷ್ಟಕ್ಕೇ ನಿಲ್ಲುವಂಥದ್ದಲ್ಲ.

'ನಾ ಇಲ್ಲೇ ಸಾಯ್ತೇನಿ... ಮಂದಿ ಎಲ್ಲಾ ನೋಡಾಕತ್ತಾರ...'

ಅವನು ಬೇರೆ ಏನಾದರೂ ಕೊಟ್ಟಿದ್ದರೆ ಸುಮ್ಮನೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳೇನೋ. ಕೊಟ್ಟಿದ್ದು ಸಕ್ಕರೆ! ಅದನ್ನು ಕಂಡರೇ ಅವಳಿಗೆ ಭಯ.

ಅದಕ್ಕೆ ಕಾರಣವಿತ್ತು. ಈ ಕಡೆ ಮಾತುಕತೆ ಎಷ್ಟೇ ಆಗಿರಲಿ, ಹಿರಿಯರ ಎದುರು ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದಾಗಲೇ ಸಂಬಂಧ ಗಟ್ಟಿ. ಹೋದ ವರ್ಷ ಜೇವರ್ಗಿಯ ಗಂಡಿನ ಕಡೆಯವರು ಆ ಶಾಸ್ತ್ರಕ್ಕೆಂದೇ ಬಂದಿದ್ದರು. ಸಕ್ಕರೆ ಹಿಡಿದ ಕೈ ಬಾಯಿಯ ಹತ್ತಿರ ಬಂತು, ಶೈಲಶ್ರೀಗೆ ಉಸಿರು ಸಿಕ್ಕಿಕೊಂಡಿತು, ಕೈಕಾಲು ಸೆಟೆದುಕೊಂಡವು. "ಹುಡುಗಿಗೆ ಏನೋ ಜಡ್ಡದ" ಎಂದು ಬಂದವರು ಎದ್ದೇಬಿಟ್ಟರು. ತಂದ ಸಕ್ಕರೆಯ ಪೊಟ್ಟಣವನ್ನೂ ಮರೆಯದೆ ಎತ್ತಿಕೊಂಡು ಹೋದರು, ಪುಣ್ಯಾತ್ಮರು!

"ನನಗ ಸಕ್ಕರಿ ಬ್ಯಾಡ್ರಿ..."

"ತಿನ್ನಾಕ ಅಲ್ರಿ, ಬರೇ ಗಮನ ಇಡಾಕ. ಅದರ ಮೂಲಿ ನಾಲಿಗಿಗೆ ಚುಚ್ಚತದೇನು ನೋಡ್ರಿ. ಮನಸು ಬ್ಯಾರೆ ಕಡಿ ಓಡತದ, ಓಡ್ಲಿ. ಬೈಬ್ಯಾಡ್ರಿ ಅದಕ್ಕ. ಮತ್ತ ಈ ಹರಳಿನ ಹತ್ರ ಕರ್ಕೊಂಡು ಬರ್ರಿ."

ಬೇರೆ ದಾರಿ ಕಾಣದೆ ಬಾಯಿಗಿಟ್ಟುಕೊಂಡಳು. ಒರಟು ಅಂಚು... ಮೆಲ್ಲಗೆ ಇಳಿಯುವ ಸಿಹಿ... ಮನಸ್ಸು ಹತ್ತು ಸಲ ಓಡಿತು, ಹತ್ತು ಸಲವೂ ಕರೆತಂದಳು. ಹರಳು ಸಣ್ಣದಾಗುತ್ತಾ ಬಂತು. ಉಸಿರು ಯಾವಾಗ ಹದಕ್ಕೆ ಬಂತೋ ಅವಳಿಗೇ ತಿಳಿಯಲಿಲ್ಲ.

"ಕರಗಿತೇನ್ರಿ?"

"ಕರಗಿತ್ರಿ..." ಎಂದಳು. ಕಣ್ಣಲ್ಲಿ ನೀರಿತ್ತು.

ಅವನ ಹೆಸರು ಸುನೀಲಕುಮಾರ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವನು, ಇಲ್ಲಿ ಹೊಲ ಅಳೆಯುವ ಸರ್ವೇಯರ್. ಅವಳು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಸಂಜೆಯ ಬಸ್ಸಿನ ನೆಪದಲ್ಲಿ ಅದೇ ಬೆಂಚು ಇಬ್ಬರಿಗೂ ಖಾಯಂ ಆಯಿತು. ಅಫಜಲಪುರದ ಬಸ್ಸುಗಳು ತಡವಾಗಿ ಬಂದರೆ ಖುಷಿಪಡುತ್ತಿದ್ದವರು ಬಹುಶಃ ಅವರಿಬ್ಬರೇ!

ಜೇವರ್ಗಿಯವರ ಕಥೆಯನ್ನೂ ಅವನಿಗೆ ಹೇಳಿದಳು. ಅವನು ಹೇಳಿಕೊಟ್ಟಂತೆ ನಡೆಯುವಾಗ ಅಂಗಾಲಿನ ಕಡೆ ಗಮನ ಇಟ್ಟಳು. ರೊಟ್ಟಿ ಬಡಿಯುವಾಗ ಬಡಿತದ ಸದ್ದನ್ನಷ್ಟೇ ಕೇಳಿದಳು. ಭಯ ಹೋಗಲಿಲ್ಲ. ಆದರೆ ಬಂದಾಗ ಅದರ ಪಕ್ಕದಲ್ಲಿ ಕೂರುವುದು ಗೊತ್ತಾಯಿತು. ಅವನ ಮೇಲೆ ಪ್ರೀತಿ ಹುಟ್ಟಿದ್ದೂ ಗೊತ್ತಾಯಿತು.

ಆರು ತಿಂಗಳಿಗೆ ಅವನ ತಂದೆ ದೌಲತರಾಯರಿಂದ ಹೆಣ್ಣು ಕೇಳಿ ಫೋನ್ ಬಂತು. ಶೈಲಶ್ರೀಯ ತಾಯಿ ಸುಮಿತ್ರಾಬಾಯಿ ಕುಣಿಯುವುದೊಂದು ಬಾಕಿ! ಆದರೆ ಫೋನ್ ಇಟ್ಟಾಗ ಅವಳ ಮುಖ ಬಾಡಿತ್ತು.

"ಹುಡುಗ ಸಕ್ಕರಿ ಶಾಸ್ತ್ರ ಬ್ಯಾಡ ಅಂತಾನಂತವ್ವ. ಸೀದಾ ರಿಜಿಸ್ಟರ್ ಲಗ್ನ ಮಾಡ್ಕೋತೀನಿ ಅಂದಾನಂತ..."

ಶೈಲಶ್ರೀಗೆ ಅನ್ನಿಸಿದ್ದು ಒಂದೇ. 'ಹತ್ತು ಮಂದಿ ಮುಂದ ನನ್ನ ತೋರಿಸಾಕ ಅವರಿಗೂ ನಾಚಿಕಿ!'

ಮೂರು ದಿನ ಅವನ ಕರೆ ತೆಗೆಯಲಿಲ್ಲ. ಬೇರೆ ಬಸ್ಸು ಹಿಡಿದಳು. ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು. ನಾಲ್ಕನೆಯ ದಿನ ಅವನೇ ಗ್ರಂಥಾಲಯಕ್ಕೆ ಬಂದ.

"ನನ್ನ ಜಡ್ಡು ಮಂದಿಗೆ ಕಾಣಬಾರದು ಅಂತ ಶಾಸ್ತ್ರ ಬ್ಯಾಡಂದ್ರಿ, ಹೌದಿಲ್ರಿ?" ಶೈಲಶ್ರೀ ಪುಸ್ತಕದಿಂದ ಕಣ್ಣೆತ್ತದೆ ಕೇಳಿದಳು.

"ನಿಮ್ಮ ಸಲುವಾಗಿ ಅಲ್ಲ ಶೈಲಾ... ನನ್ನ ಸಲುವಾಗಿ!"

ಅವಳು ತಲೆಯೆತ್ತಿದಳು. ಅವನ ಬೆರಳುಗಳು ನಡುಗುತ್ತಿದ್ದವು.

"ನಾಕು ವರ್ಷದ ಹಿಂದ ಒಂದು ಹೊಲದ ಬದು ಅಳೀಬೇಕಾದ್ರ ಎರಡೂ ಕಡಿ ಮಂದಿ ಸುತ್ತಗಟ್ಟಿ ಒದರಿದ್ರು. ಅಲ್ಲೇ ಕುಸದು ಬಿದ್ದೆ. ಆ ಹರಳು ಹಿಡಿಯೋದು ಕಲಬುರಗಿ ಡಾಕ್ಟರ್ ಕಲಿಸಿದ್ದು. ಇವತ್ತಿಗೂ ಮಂದಿ ಸುತ್ತ ಕುಂತು ಮಾರಿ ನೋಡಿದ್ರ ನನಗ ಉಸಿರು ಸಿಗಂಗಿಲ್ಲ..."

ಆರು ತಿಂಗಳು! ಗಂಡಸೊಬ್ಬ ಕಿಸೆಯಲ್ಲಿ ಕಲ್ಲುಸಕ್ಕರೆ ಯಾಕೆ ಇಟ್ಟುಕೊಂಡು ತಿರುಗುತ್ತಾನೆ ಎಂದು ಈ ಹುಡುಗಿ ಒಮ್ಮೆಯೂ ಕೇಳಿರಲಿಲ್ಲ.

"ಮೊದಲೇ ಹೇಳಬೇಕಿತ್ತಲ್ರಿ..."

"ಹೇಳಿದ್ರ, ಜೇವರ್ಗಿ ಮಂದಿ ಹಂಗ ನೀವೂ ಎದ್ದು ಹೋದ್ರ?"

ಅವಳಿಗೆ ದುಃಖ ಉಮ್ಮಳಿಸಿತು. ಮೂರು ದಿನ ಎದ್ದು ಹೋಗಿದ್ದಳಲ್ಲ, ಥೇಟ್ ಅವರ ಹಾಗೆಯೇ!

"ಸಕ್ಕರಿ ಆಗ್ಲಿ," ಎಂದಳು. "ನನಗೂ ಅಂಜಿಕಿ ಅದ. ಆದ್ರ ಇವತ್ತ ತಪ್ಪಿಸಿದ್ರ ಆ ಅಂಜಿಕಿ ನಮ್ಮ ಸಂಸಾರದಾಗ ಬಂದು ಕುಂದರ್ತದ. ಕಲ್ಲುಸಕ್ಕರಿನೇ ತರ್ರಿ. ನಾ ನಿಮ್ಮ ಬಾಜೂಕೇ ಇರ್ತೇನಿ."

ಭಾನುವಾರ ಅತನೂರಿನ ಮನೆಯ ಪಡಸಾಲೆಯಲ್ಲಿ ಐವತ್ತು ಜನ. ನೂರು ಕಣ್ಣು! ಜಮಖಾನೆಯ ಮೇಲೆ ಕುಳಿತ ಶೈಲಶ್ರೀಯ ಎದೆ ಓಡತೊಡಗಿತು. ಕಾಲ ಕೆಳಗಿನ ಜಮಖಾನೆಯ ಒರಟನ್ನು ಗಮನಿಸಿದಳು. ಒಂದು ಉಸಿರು... ಇನ್ನೊಂದು...

ದೌಲತರಾಯರು ಸಕ್ಕರೆಯ ತಾಟು ಎತ್ತಿದರು. ಅಷ್ಟರಲ್ಲಿ ಯಾರೋ ಪಿಸುಗುಟ್ಟಿದರು.

"ಅಯ್ಯ, ಹುಡುಗಗ ಏನಾಗ್ಯಾದ?"

ಸುನೀಲಕುಮಾರನ ಮುಖ ಬಿಳಿಚಿತ್ತು. ಬೆವರು ಧಾರೆಯಾಗಿತ್ತು. ಕೈ ಕಿಸೆ ಹುಡುಕುತ್ತಿತ್ತು, ಹೊಸ ಅಂಗಿಗೆ ಕಿಸೆಯೇ ಇರಲಿಲ್ಲ! ಸುಮಿತ್ರಾಬಾಯಿ ಸೆರಗು ಬಾಯಿಗೊತ್ತಿಕೊಂಡಳು. ಈ ಸಂಬಂಧವೂ ಹೋಯಿತೇ?

ಶೈಲಶ್ರೀ ಎದ್ದಳು. ಮಾವನಾಗುವವರ ಕೈಯಲ್ಲಿದ್ದ ತಾಟಿನಿಂದ ಒಂದು ಹರಳು ತೆಗೆದು ಅವನ ಬಾಯಿಗಿಟ್ಟಳು.

"ಕಡಿಬ್ಯಾಡ್ರಿ..."

"ಏ, ಉಲ್ಟಾ ಆತಲ್ಲೋ!" ಸೋದರಮಾವ ಮಲ್ಲಣ್ಣ ಒದರಿದ. "ಹುಡುಗಿ ಹುಡುಗಗ ಸಕ್ಕರಿ ಹಾಕೋದು ಎಲ್ಲಿ ಅದ?"

"ಇಲ್ಲಿ ಅದ ಮಾಮಾ," ಎಂದಳು. ದನಿ ನಡುಗಿತು, ಆದರೂ ನಿಲ್ಲಿಸಲಿಲ್ಲ. "ಇವರಿಗೂ ನನ್ನಂಗೇ ಉಸಿರು ಹಿಡೀತದ. ಆ ಹರಳು ಕರಗೋತನ ಯಾರೂ ಮಾತಾಡಬ್ಯಾಡ್ರಿ. ಎದ್ದು ಹೋಗೋರು ಹೋಗ್ರಿ, ನಾ ಹೋಗಂಗಿಲ್ಲ."

ಯಾರೂ ಏಳಲಿಲ್ಲ. ದೌಲತರಾಯರು ಮಗನ ಮುಖ ನೋಡಿದರು. ಆಮೇಲೆ ಒಂದು ಹರಳು ಎತ್ತಿ ಶೈಲಶ್ರೀಯ ಬಾಯಿಗೆ ಹಾಕಿದರು.

"ನೀನೂ ಕಡಿಬ್ಯಾಡವ್ವ," ಎಂದರು. ಅವರ ಕಣ್ಣು ತುಂಬಿತ್ತು.

ಐವತ್ತು ಜನ ಉಸಿರು ಬಿಗಿಹಿಡಿದು ಕಾದರು. ಸುನೀಲಕುಮಾರನ ಭುಜ ಮೆಲ್ಲಗೆ ಸಡಿಲಾಯಿತು. ಎಲ್ಲರೆದುರೇ ಅವಳ ಕೈ ಹಿಡಿದುಕೊಂಡ.

"ಕರಗಿತೇನ್ರಿ?" ಅವಳು ಪಿಸುಗುಟ್ಟಿದಳು.

"ಇನ್ನಾ ಇಲ್ಲ... ನಿಮ್ದು?"

"ನಂದೂ ಇಲ್ರಿ. ಏನ್ ಗಡಿಬಿಡಿ ಅದ?"